ಕಣ್ಣು ನೆತ್ತಿಗೇರಿದ ಗಾಡಿ

ಹೋದ ಮಳೆಗಾಲಕ್ಕೆ ಮುಂಚೆ ನನ್ನ ಗಾಡಿಯನ್ನು ಎರಡು ಇಂಚು ಎತ್ತಿಸಿದೆ. ತೋಟದ ದಾರಿಯ ನಡುದಿಂಡು ತಳಕ್ಕೆ ಉಜ್ಜುತ್ತದೆ ಎಂಬುದು ಮನೆಯಲ್ಲಿ ಹೇಳಿದ ಕಾರಣ. ಎತ್ತರದ ಗಾಡಿ ನೋಡಲು ಚೆಂದ ಎಂಬುದು ಹೇಳದೆ ಉಳಿಸಿಕೊಂಡದ್ದು. ಘಟ್ಟದ ಕೆಳಗಿನ ಗ್ಯಾರೇಜೊಂದರಲ್ಲಿ ನಾಲ್ಕೂ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿ, ಗಾಡಿಯ ಪಕ್ಕ ನನ್ನನ್ನು ನಿಲ್ಲಿಸಿ ಫೋಟೊ ತೆಗೆದು ಕಳಿಸಿಕೊಟ್ಟರು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಕತ್ತಲಾಗಿತ್ತು. ಎದುರಿಗೆ ಇಳಿದು ಬರುವ ಲಾರಿಯವರೆಲ್ಲ ಸಾಲಾಗಿ ಡಿಪ್ಪರ್ ಹೊಡೆಯತೊಡಗಿದರು. ನಾನು ಡಿಮ್‌ನಲ್ಲೇ ಇದ್ದೆ. ಮಾರನಹಳ್ಳಿ ಹತ್ತಿರ ಒಬ್ಬ ಟ್ಯಾಂಕರಿನವನು ಗಾಜಿಳಿಸಿ ನನ್ನ ಮನೆತನವನ್ನೆಲ್ಲ ನೆನೆದುಕೊಂಡು ಹೋದ.

ಮರುದಿನ ನಮ್ಮ ಪೇಟೆಯ ಎಲೆಕ್ಟ್ರಿಷಿಯನ್ ಗಾಡಿಯನ್ನು ಒಂದು ಸುತ್ತು ಹಾಕಿ, ಹಿಂದಿನ ಚಕ್ರದ ಒಳಗೆ ಬಗ್ಗಿ ನೋಡಿ, “ಗೌಡ್ರೇ, ಗಾಡಿ ಎರಡಿಂಚು ಎದ್ದಿದೆ, ಅದರ ಕಣ್ಣು ನೆತ್ತಿಗೇರಿದೆ” ಎಂದ.

ಅವನು ತೋರಿಸಿದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಪ್ಲಾಸ್ಟಿಕ್ ಡಬ್ಬಿ, ಗಾಡಿಯ ಮಟ್ಟ ಅಳೆಯುವ ಸೆನ್ಸರ್. ಚಾಸಿಗೆ ಅದರ ಮೈ ಬಿಗಿದಿದೆ. ಪಕ್ಕದಿಂದ ಹೊರಟ ಸಣ್ಣ ಕೈಗೂ ಚಕ್ರದ ಜೊತೆ ಏರಿಳಿಯುವ ಲೋವರ್ ಆರ್ಮಿಗೂ ನಡುವೆ ಎರಡೂ ತುದಿಗೆ ಬಾಲ್ ಜಾಯಿಂಟ್ ಇರುವ ಬೆರಳುದ್ದದ ಲಿಂಕ್ ರಾಡ್. ಹಿಂದೆ ಮೂಟೆ ಹೇರಿದರೆ ಗಾಡಿಯ ಹಿಂಭಾಗ ಕೂರುತ್ತದೆ, ಮೂಗು ಏಳುತ್ತದೆ. ಈ ಕೈ ಅದನ್ನು ಅಳೆದು ಹೇಳಿದ ಕೂಡಲೇ ಹೆಡ್‌ಲೈಟಿನೊಳಗಿನ ಪುಟ್ಟ ಮೋಟಾರು ಬೆಳಕನ್ನು ಕೆಳಗಿಳಿಸುತ್ತದೆ. ಹಿಂಭಾಗ ಎದ್ದರೆ ಬೆಳಕನ್ನು ಮೇಲೆತ್ತುತ್ತದೆ. ಕೈಗೆ ಗೊತ್ತಿರುವುದು ಅಷ್ಟೇ. ನಾವು ದುಡ್ಡು ಕೊಟ್ಟು ಎತ್ತಿಸಿದ್ದೇವೆ ಎಂದು ಅದಕ್ಕೆ ಹೇಳಿದವರಿಲ್ಲ. ಗಾಡಿ ಸದಾ ಮೂಗು ಕೆಳಗೆ ಮಾಡಿಕೊಂಡಿದೆ ಎಂದುಕೊಂಡು ಬೆಳಕನ್ನು ಎತ್ತಿ ಹಿಡಿದೇ ಇರುತ್ತದೆ.

ಇದೇನು ಕೂದಲೆಳೆ ವ್ಯತ್ಯಾಸವಲ್ಲ. ನನ್ನ ಗಾಡಿಯ ಮುಂದಿನ ಹಿಂದಿನ ಚಕ್ರಗಳ ನಡುವೆ 2.75 ಮೀಟರ್. ಹಿಂದೆ 50 ಮಿಲಿಮೀಟರ್ ಎದ್ದಿತೆಂದು ಸೆನ್ಸರ್ ನಂಬಿದರೆ ಅದರ ಲೆಕ್ಕಕ್ಕೆ ಗಾಡಿ ಶೇ 1.8ರಷ್ಟು ಮುಂದಕ್ಕೆ ಬಾಗಿದೆ. ಡಿಮ್ ಬೆಳಕು ಮೊದಲಿದ್ದುದು ಶೇ 1ರ ಇಳಿತದಲ್ಲಿ, ಅಂದರೆ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್. ಆ ಇಳಿತವೀಗ ಶೇ 0.8ರ ಏರಾಗುತ್ತದೆ. ದೀಪವೇ ಈಗ 1.01 ಮೀಟರ್ ಎತ್ತರಕ್ಕಿರುವುದರಿಂದ 40 ಮೀಟರ್ ಆಚೆ ಬೆಳಕಿನ ಅಂಚು ನೆಲದಿಂದ 1.33 ಮೀಟರ್ ಎತ್ತರದಲ್ಲಿರುತ್ತದೆ. ಕಾರಿನಲ್ಲಿ ಕೂತವನ ಕಣ್ಣು ಇರುವುದು ಹೆಚ್ಚುಕಡಿಮೆ 1.2 ಮೀಟರಿಗೆ. ಟ್ಯಾಂಕರಿನವನು ಅಷ್ಟು ಮೇಲೆ ಕೂತೇ ಬೈದನೆಂದರೆ, ಬೈಯಲೂ ಆಗದೆ ಕಣ್ಣು ಕತ್ತಲೆ ಬಂದು ಚರಂಡಿ ಅಂಚಿಗೆ ಸರಿದ ಕಾರು ಬೈಕಿನವರೆಷ್ಟೋ.

ಮುಂದೆ ಹಿಂದೆ ಎರಡೂ ಕಡೆ ಸೆನ್ಸರ್ ಇರುವ ಗಾಡಿಗಳಲ್ಲಿ ಸಮನಾಗಿ ಎತ್ತಿದರೆ ಒಂದರ ತಪ್ಪನ್ನು ಇನ್ನೊಂದು ತಕ್ಕಮಟ್ಟಿಗೆ ತಿಂದುಹಾಕುತ್ತದೆ. ಪೂರ್ತಿ ಅಲ್ಲ. ಹಳೇ ಜೀಪಿನಲ್ಲಿ ಈ ರಗಳೆಯೇ ಇರಲಿಲ್ಲ. ದುಂಡು ದೀಪ, ಎರಡು ಸ್ಕ್ರೂ, ಒಂದು ಸ್ಕ್ರೂಡ್ರೈವರ್.

ಕೃಷಿಕರಿಗೂ ಬೆಳಕಿನ ಮಟ್ಟ ಹೊಂದಿಸುವ ಈ ವಿದ್ಯೆಗೂ ಹಳೇ ನಂಟಿದೆ. 1948ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಸಿಟ್ರೊಯೆನ್ 2ಸಿವಿ ಹಳ್ಳಿಯ ರೈತರಿಗೆಂದೇ ಮಾಡಿದ ಕಾರು. ಉತ್ತ ಹೊಲದ ಮೇಲೆ ಹೋದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು ಎಂಬಷ್ಟು ಮೆದು ಸ್ಪ್ರಿಂಗ್. ಹಾಗಾಗಿ ಹೊರೆ ಬಿದ್ದರೆ ಮೂಗು ಆಕಾಶ ನೋಡುತ್ತಿತ್ತು. ಬೆಳಕನ್ನು ಇಳಿಸಲು ಡ್ರೈವರ್ ಎದುರಿಗೇ ಒಂದು ತಿರುಪು ಇಟ್ಟಿದ್ದರು. ಅದೇ ಕಂಪನಿ 1967ರಲ್ಲಿ ಡಿಎಸ್ ಕಾರಿಗೆ ತಾನಾಗಿ ಮಟ್ಟ ಕಾಯುವ ದೀಪ ಕೊಟ್ಟಿತು. ನಮ್ಮ ಎಷ್ಟೋ ಗಾಡಿಗಳಲ್ಲಿ ಇವತ್ತಿಗೂ ಸ್ಟೀರಿಂಗಿನ ಬದಿಗೆ 0, 1, 2, 3 ಎಂದು ಬರೆದ ಗಾಲಿ ಇದೆ. ಅದು 2ಸಿವಿ ತಿರುಪಿನ ಮೊಮ್ಮಗು. ಹತ್ತು ಮೂಟೆ ಕಾಫಿ ಅಂದರೆ 500 ಕಿಲೋ ಹೇರಿಕೊಂಡು ಕ್ಯೂರಿಂಗ್‌ಗೆ ಹೊರಟವರಲ್ಲಿ ಅದನ್ನು 3ಕ್ಕೆ ತಿರುಗಿಸಿದವರನ್ನು ನಾನಿನ್ನೂ ಕಂಡಿಲ್ಲ.

ಇನ್ನು ನನ್ನ ಗಾಡಿಯ ಬೆಳಕು ಸರಿ ಮಾಡುವುದಕ್ಕೆ ಸಮತಟ್ಟು ನೆಲ ಬೇಕು. ಸಕಲೇಶಪುರ, ಆಲೂರು ಕಡೆ ಅದನ್ನು ಎಲ್ಲಿಂದ ತರುವುದು? ಕಾಫಿ ಕಣ ಇದೆಯಲ್ಲ. ಎದುರಿಗೆ ಗೋದಾಮಿನ ಗೋಡೆಯೂ ಸಿಗುತ್ತದೆ. ಆದರೆ ಕಣವನ್ನು ಮಳೆನೀರು ಹರಿಯಲೆಂದು ಒಂದಿಷ್ಟು ಓರೆ ಕಟ್ಟಿರುತ್ತಾರೆ. ನಮ್ಮ ಕಣ ಹತ್ತು ಮೀಟರಿಗೆ ಎಂಟು ಸೆಂಟಿಮೀಟರ್ ಓರೆ ಇದೆ ಎಂದು ಅವತ್ತೇ ತಿಳಿದದ್ದು, ಗಾರೆಯವನ ಹತ್ತಿರ ಲೆವೆಲ್ ಪೈಪ್ ಇಸಿದುಕೊಂಡು ನೀರು ತುಂಬಿ ನೋಡಿದಾಗ. ನಾವು ಹೊಂದಿಸಲು ಹೊರಟಿದ್ದೇ ಹತ್ತು ಹದಿನೈದು ಸೆಂಟಿಮೀಟರು! ಗಾಡಿಯನ್ನು ಓರೆಗೆ ಅಡ್ಡಲಾಗಿ ತಿರುಗಿಸಿ, ಇನ್ನೊಂದು ಗೋಡೆ ಹಿಡಿದೆವು.

ಕತ್ತಲಾದ ಮೇಲೆ ಲಿಂಕ್ ರಾಡ್ ಕಳಚಿ ಎಲೆಕ್ಟ್ರಿಷಿಯನ್ ಅಡಿಯಲ್ಲಿ ಮಲಗಿದ, ನಾನು ಗೋಡೆ ಹತ್ತಿರ ನಿಂತೆ. ಸೆನ್ಸರಿನ ಕೈಯನ್ನು ಬೆರಳಲ್ಲಿ ಮೆಲ್ಲಗೆ ಏರಿಸಿ ಇಳಿಸಿದ ಹಾಗೆಲ್ಲ ಗೋಡೆಯ ಮೇಲಿನ ಬೆಳಕಿನ ಗೆರೆ ಕೊಂಚ ತಡೆದು, ಹಿಂದೆಯೇ ಏರಿಳಿಯಿತು. ಸೆನ್ಸರ್ ಕೆಟ್ಟಿಲ್ಲ ಎಂದು ತಿಳಿಯಲು ಇಷ್ಟು ಸಾಕು. ಕೆಡುವುದು ಹೆಚ್ಚಾಗಿ ಬಾಲ್ ಜಾಯಿಂಟು. ನಮ್ಮ ಕೆಮ್ಮಣ್ಣು ಒಳಹೊಕ್ಕು ಒಣಗಿದರೆ ಅದು ಹಲ್ಲು ಕಚ್ಚಿದ ಹಾಗೆ ಹಿಡಿದುಕೊಳ್ಳುತ್ತದೆ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. 50 ಮಿಲಿಮೀಟರ್ ಎತ್ತಿಸಿದ್ದೇವೆ, ರಾಡ್ 50 ಮಿಲಿಮೀಟರ್ ಉದ್ದವಾಗಲಿ ಎನ್ನುತ್ತಾರೆ. ನನ್ನ ಗಾಡಿಯಲ್ಲಿ ರಾಡ್ ಸಿಕ್ಕಿಸಿರುವುದು ಲೋವರ್ ಆರ್ಮಿನ ನಟ್ಟನಡುವೆ. ಚಕ್ರ 50 ಸರಿದರೆ ಅಲ್ಲಿ ಸರಿಯುವುದು 25. ರಾಡ್ ಉದ್ದವಾಗಬೇಕಾದದ್ದೂ ಅಷ್ಟೇ. ಕೈ ಮೊದಲಿದ್ದ ಕೋನಕ್ಕೆ ಮರಳಿತೇ ಎಂಬುದೇ ಅಳತೆ. ಗಾಡಿ ಎತ್ತಿಸುವ ಮೊದಲೇ ಆ ಕೋನದ ಒಂದು ಫೋಟೊ ತೆಗೆದಿಟ್ಟುಕೊಂಡವನು ಜಾಣ. ನಾನು ಗಾಡಿಯದೇ ಫೋಟೊ ತೆಗೆಸಿಕೊಂಡವನು.

ರಾಡ್ ಗೋಜೇ ಬೇಡ, ಹೆಡ್‌ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಬೆಳಕು ಇಳಿಸಿದರಾಯಿತು ಎನ್ನುವವರೂ ಇದ್ದಾರೆ. ಗೋಡೆಯ ಮೇಲೆ ಗೆರೆ ಸರಿಯಾಗಿಯೇ ಕೂರುತ್ತದೆ. ಆದರೆ ಹಿಂದಿನ ಚಕ್ರ ಕೊರಕಲಿನಲ್ಲಿ ಜೋತುಬಿದ್ದಾಗ, ಮೊದಲೇ ಅಂಚಿಗೆ ಬಂದು ನಿಂತ ಕೈ ರಾಡಿನ ಜೊತೆ ನೆಟ್ಟಗಾಗಿ, ಅದನ್ನೂ ದಾಟಿ ಆ ಕಡೆಗೆ ಮಗುಚಿಕೊಳ್ಳಬಹುದು. ಅಲ್ಲಿಂದ ಮುಂದೆ ಸೆನ್ಸರ್ ಹೇಳುವುದೆಲ್ಲ ಉಲ್ಟಾ. ಅದೃಷ್ಟ ಕೆಟ್ಟರೆ ಕೈಯೇ ಮುರಿಯುತ್ತದೆ. ಆದ್ದರಿಂದ ಮೊದಲು ರಾಡ್. ಆಮೇಲೆ ಗಾಡಿ ಖಾಲಿ ಮಾಡಿ, ಬಾಗಿಲು ಹಾಕಿ, ಯಾರೂ ಮೈಗೆ ಒರಗದೆ ಸ್ಕ್ಯಾನರ್ ಹಾಕಿ ಇದೇ ನಿನ್ನ ಸೊನ್ನೆ ಎಂದು ಕಂಪ್ಯೂಟರಿಗೆ ಕಲಿಸುವುದು. ಸ್ಕ್ರೂ ಮುಟ್ಟುವುದು ಕಟ್ಟಕಡೆಗೆ.

ಸ್ಕ್ರೂಗೂ ಕೆಲಸವಿತ್ತು. ನನ್ನ ದೀಪಗಳು ನೆಲದಿಂದ 96 ಸೆಂಟಿಮೀಟರ್ ಎತ್ತರಕ್ಕಿದ್ದವು, ಈಗ 101. ಒಂದು ಮೀಟರ್ ದಾಟಿದ ದೀಪಕ್ಕೆ ಶೇ 1.5ರಿಂದ 2ರಷ್ಟು ಇಳಿತ ಇರಲಿ ಎನ್ನುತ್ತದೆ ಯುರೋಪಿನ ನಿಯಮ. ಹತ್ತು ಮೀಟರ್ ದೂರದ ಗೋಡೆಯಲ್ಲಿ ದೀಪದ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಸೀಮೆಸುಣ್ಣದ ಗೆರೆ ಎಳೆದು ಅದಕ್ಕೆ ಕೂರಿಸಿದೆವು. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯದು, ದೀಪದಿಂದ 8 ಮೀಟರ್ ದೂರ, ಬಲಕ್ಕೆ ಅರ್ಧ ಮೀಟರ್, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು ಎನ್ನುತ್ತದೆ. ಬಯಲುಸೀಮೆಗೆ ಸಾಕೇನೋ. ಘಾಟಿಯಲ್ಲಿ ಎದುರಿನವನು ಒಂದು ತಿರುವು ಕೆಳಗಿರುತ್ತಾನೆ. ಗಾಡಿ ಎತ್ತಿಸುವುದೇ ಕಾನೂನಿಗೆ ಸಲ್ಲುತ್ತದೆಯೇ ಎಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪೂ ನನ್ನ ಪರವಾಗಿಲ್ಲ. ಫೋಟೊ ನೋಡಿದ ವಿಮೆಯವರೂ ಇಲ್ಲ.

ಎತ್ತಿದ ಬೆಳಕು ದೂರ ಕಾಣಿಸುತ್ತದೆ, ಕಾಡುದಾರಿಗೆ ಒಳ್ಳೆಯದಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಆಷಾಢದ ಮಂಜಿನಲ್ಲಿ ಬಿಸಿಲೆ ರಸ್ತೆಗೆ ಬಂದು ನೋಡಲಿ. ಮೇಲಕ್ಕೆ ಹೋದ ಬೆಳಕು ಬಿಳಿಗೋಡೆಯಾಗಿ ನಮ್ಮ ಮುಖಕ್ಕೇ ವಾಪಸು ಬರುತ್ತದೆ. ಮಂಜಿಲ್ಲದಿದ್ದರೆ ಸಿಲ್ವರ್ ಓಕ್ ಮರದ ತುದಿಯ ಎಲೆ ಎಣಿಸಬಹುದು. ದಸರೆಯ ಆನೆ ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆಯೊಡನೆ ಕಾದಾಡಿ ಮಡಿದದ್ದು ಇಲ್ಲಿನ ಯಸಳೂರು ಅರಣ್ಯ ವಲಯದಲ್ಲೇ. ಇಲ್ಲಿ ರಾತ್ರಿ ಗಾಡಿ ಓಡಿಸುವವನಿಗೆ ಬೇಕಾದದ್ದು ರಸ್ತೆಯ ಮೇಲೆ ಬೀಳುವ ಬೆಳಕು. ಆನೆಯ ಮೈ ಬೆಳಕನ್ನು ನುಂಗಿಬಿಡುತ್ತದೆ. ಮೊದಲು ಕಾಣುವುದು ಒದ್ದೆ ಟಾರಿನ ಹೊಳಪಿನ ನಡುವೆ ನಿಂತ ನಾಲ್ಕು ಕರಿ ಕಂಬ.

ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಒಂದಿಷ್ಟು ಕೂರುತ್ತದೆ, ಆಗ ಇನ್ನೊಮ್ಮೆ ನೋಡಬೇಕು ಎಂದು ಎಲೆಕ್ಟ್ರಿಷಿಯನ್ ಹೇಳಿದ್ದ. ಗೋಡೆಯ ಗೆರೆ ಅಳಿಸಬೇಡಿ ಎಂದು ತೋಟದ ರೈಟರಿಗೆ ಹೇಳುವುದು ನನಗೆ ಮರೆತಿತ್ತು. ಮೊನ್ನೆ ಕೊಯ್ಲಿಗೆ ಮುಂಚೆ ಗೋದಾಮು ಚೊಕ್ಕವಾಗಲಿ ಎಂದು ಅವರು ನಾಲ್ಕೂ ಗೋಡೆಗೆ ಸುಣ್ಣ ಹೊಡೆಸಿದ್ದಾರೆ.