ಗೌರಮ್ಮನ ಫೋಟೋ, ನಮ್ಮ ಅಜ್ಜಿಯರ ಮುಖ

ಕುಲಶೇಖರದ ಒಂದು ಪುಟ್ಟ ಕೋಣೆಯಲ್ಲಿ ಸಂಜೆ ಹೊತ್ತು ಹುಡುಗರ ಜೊತೆ ಕೂತು ಹಳೆಯ ಫೋಟೋ ಒಂದರ ಪ್ರತಿ ನೋಡುತ್ತಿದ್ದೆ. 1850ರ ದಶಕದಲ್ಲಿ, ವಿಕ್ಟೋರಿಯಾ ರಾಣಿಯ ಇಂಗ್ಲೆಂಡಿನಲ್ಲಿ ತೆಗೆದದ್ದು. "ಇವಳು ಇಂಗ್ಲಿಷ್ ದೊರೆಸಾನಿಯಾ ಸರ್?" ಅಂದ ಒಬ್ಬ. ಅಲ್ಲ ಮಾರಾಯ, ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನ ಮಗಳು ಗೌರಮ್ಮ.

ಈ ಚಿತ್ರ ನೋಡಿದವರು ಕಣ್ಣೀರು ಹಾಕುವುದುಂಟು. ಕಾರಣವೂ ಇದೆ. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತು. ಜಪ್ತಿಯಾದ ಹಣ ವಾಪಸ್ ಪಡೆಯುವ ಆಸೆಯಿಂದ ಅರಸ 1852ರಲ್ಲಿ ಎಳೆಯ ಮಗಳನ್ನು ಕರಕೊಂಡು ಇಂಗ್ಲೆಂಡಿಗೆ ಹೋದ. ಅದೇ ವರ್ಷ ಹುಡುಗಿಗೆ ದೀಕ್ಷಾಸ್ನಾನ. ರಾಣಿಯೇ ಧರ್ಮಮಾತೆ, ರಾಣಿಯ ಹೆಸರೇ ಅವಳಿಗೂ: ವಿಕ್ಟೋರಿಯಾ ಗೌರಮ್ಮ. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ ಸತ್ತಳು.

ಆ ಕಾಲದ ಕ್ಯಾಮೆರಾದ ಮುಂದೆ ಎಷ್ಟೋ ಸೆಕೆಂಡು ಅಲ್ಲಾಡದೆ ಇರಬೇಕಿತ್ತು. ಇಂಥ ಬಿಗಿತವನ್ನೇ ಕಲೆ ಬಲ್ಲವರು ರಾಜಗಾಂಭೀರ್ಯ ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ಗೆದ್ದವನು ತನ್ನ ಮನೆಯಲ್ಲಿ ಸೋತವನ ಮಗಳನ್ನು ಅಲಂಕರಿಸಿ ಕೂರಿಸಿದ್ದಾನೆ.

ಆದರೆ ನಮ್ಮ ಕಣ್ಣೀರು ಅರಮನೆಯ ಬಾಗಿಲಲ್ಲೇ ನಿಂತರೆ ಅದು ಮೋಸ. ಕೊಡಗಿನ ಅರಸರ ಸ್ವಂತ ಬೇಸಾಯದ ಪಣ್ಯ ಭೂಮಿಯಲ್ಲಿ ಕೆಸರು ತುಳಿದವರು ಗುಲಾಮರು. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಕಾಗದದಲ್ಲಿ ತಪ್ಪಿತು, ಗದ್ದೆಯಲ್ಲಿ ಬಗ್ಗಿದ ಬೆನ್ನು ನೆಟ್ಟಗಾಗಲಿಲ್ಲ. ಗೌರಮ್ಮನಿಗೆ ರಾಜ್ಯ ಹೋಯಿತು, ಹೆಸರು ಉಳಿಯಿತು. ಇವರಿಗೆ ಕಳಕೊಳ್ಳಲು ರಾಜ್ಯವೂ ಇರಲಿಲ್ಲ, ಹೆಸರೂ ಉಳಿಯಲಿಲ್ಲ.

ಹಾಗಂತ ಕ್ಯಾಮೆರಾ ನಮ್ಮವರ ಕಡೆ ತಿರುಗಲೇ ಇಲ್ಲ ಅಂತಲ್ಲ. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಲಂಡನ್ನಿನಲ್ಲಿ ಅಚ್ಚಾದವು. ಆಳುವವರಿಗೆ ತಾವು ಆಳುವ ಜನರನ್ನು ಜಾತಿವಾರು ಗುರುತಿಸುವ ಪುಸ್ತಕ ಬೇಕಾಗಿತ್ತು. ದುಡಿಯುವ ಜನರ ಮುಖದ ಕೆಳಗೆ ಅಲ್ಲಿ ಹೆಚ್ಚಾಗಿ ಇರುವುದು ಜಾತಿಯ ಹೆಸರು, ಮನುಷ್ಯನ ಹೆಸರಲ್ಲ. ಅದೇ ಯಂತ್ರ, ಅದೇ ಬೆಳಕು. ನ್ಯಾಯ ಮಾತ್ರ ಎರಡು.

ದೂರ ಯಾಕೆ ಹೋಗಬೇಕು? ನಮ್ಮ ಜಿಲ್ಲೆಯ ಕೊರಗರನ್ನೇ ನೋಡಿ. ಅವರಿಗೆ ಕೂದಲು, ಉಗುರು ಕಲಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಆದದ್ದು 2000ದಲ್ಲಿ. ಗೌರಮ್ಮ ತೀರಿ 136 ವರ್ಷದ ಮೇಲೆ! ಆ ಅನ್ನ ತಿಂದ ತಾಯಂದಿರ ಮುಖ, ಅವರ ಹೆಸರಿನ ಸಮೇತ, ಯಾರ ಮನೆಯ ಗೋಡೆಯಲ್ಲಿದೆ?

ಹೊರಡುವಾಗ ಅದೇ ಹುಡುಗ ಮೆಲ್ಲಗೆ ಹೇಳಿದ: "ನಮ್ಮ ಅಜ್ಜಿದು ಇರುವುದು ಒಂದೇ ಫೋಟೋ ಸರ್. ರೇಷನ್ ಕಾರ್ಡಿನಲ್ಲಿ."

ಅದರ ಒಂದು ಪ್ರತಿ ಮಾಡಿಸಿ ತಾ ಅಂದೆ. ಅದರ ಹಿಂದೆ ಬರೆಯಬೇಕು: ಅಜ್ಜಿಯ ಹೆಸರು, ಹುಟ್ಟಿದ ಊರು, ಯಾರ ಗದ್ದೆಯಲ್ಲಿ ದುಡಿದರು, ಕೂಲಿ ಎಷ್ಟು ಸಿಕ್ಕಿತು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲೂ ಈ ಕೆಲಸ ಶುರುಮಾಡಿ. ಅಜ್ಜಿಯರು ಬದುಕಿರುವಾಗಲೇ ಕೇಳಿಸಿ, ಬರೆಸಿ. ಗೌರಮ್ಮನ ಫೋಟೋ ಹರಿಯುವುದು ಬೇಡ. ಅದರ ಪಕ್ಕದಲ್ಲಿ ಇವನ್ನೂ ಅಂಟಿಸೋಣ. ಆಮೇಲೆ ಚರಿತ್ರೆ ಪಾಠ ಮಾಡೋಣ.