ನಿನಗೇನು ಕಡಿಮೆ?

ಅಮೆರಿಕದ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ 'ದಿ ಯೆಲ್ಲೋ ವಾಲ್‌ಪೇಪರ್' ಕತೆಯಲ್ಲಿ ನನ್ನನ್ನು ಕಾಡಿದ್ದು ಗಂಡನ ಒಳ್ಳೆಯತನ. ಅವನು ಹೊಡೆಯುವವನಲ್ಲ, ಬೈಯುವವನಲ್ಲ; ವೈದ್ಯ. ಹಸುಗೂಸಿನ ತಾಯಿಯಾದ ಹೆಂಡತಿಯ ಮನೋವ್ಯಥೆಗೆ ವಿಶ್ರಾಂತಿಯೇ ಮದ್ದೆಂದು ಸರಳು ಕಿಟಕಿಯ ಮಹಡಿ ಕೋಣೆಯಲ್ಲಿಟ್ಟು, ಬರೆಯುವುದನ್ನೂ ಬಿಡಿಸುತ್ತಾನೆ. ಅವಳು ಕದ್ದು ಬರೆಯುತ್ತಾಳೆ; ಗೋಡೆಕಾಗದದ ಚಿತ್ತಾರದ ಹಿಂದೆ ಸೆರೆಯಾದ ಹೆಂಗಸನ್ನು ಕಾಣುತ್ತಾಳೆ.

ಅದೇ ನಾಡಿನ ಕೇಟ್ ಶೋಪಾನ್ 1894ರಲ್ಲಿ ಬರೆದ 'ದಿ ಸ್ಟೋರಿ ಆಫ್ ಆ್ಯನ್ ಅವರ್' ಕತೆಯ ಗಂಡನೂ ಕೆಟ್ಟವನಲ್ಲ. ಅವನು ಸತ್ತನೆಂದು ಕೇಳಿ ಅತ್ತ ಹೃದ್ರೋಗಿ ಲೂಯೀಸ್, ತೆರೆದ ಕಿಟಕಿಯೆದುರು ಕೂತು ತಾನಿನ್ನು ಸ್ವತಂತ್ರಳೆಂದು ಪಿಸುಗುಡುತ್ತಾಳೆ. ಅವನು ಜೀವಂತ ಬಂದಾಗ ಸಾಯುತ್ತಾಳೆ. ಸಂತೋಷ ತಾಳಲಾರದೆ ಸತ್ತಳೆನ್ನುತ್ತಾರೆ ವೈದ್ಯರು!

ಎರಡರಲ್ಲೂ ಹೆಣ್ಣಿನ ನೋವಿಗೆ ಹೆಸರಿಡುವವರು ಬೇರೆಯವರೇ. ಗಂಡ ಕೆಟ್ಟವನಾದರೆ ನೆಂಟರಿಷ್ಟರಾದರೂ ಕೇಳಿಯಾರು. ಒಳ್ಳೆಯವನ ಮನೆಯಲ್ಲಿ ಉಸಿರುಗಟ್ಟಿದವಳು, 'ನಿನಗೇನು ಕಡಿಮೆ?' ಎಂದವರಿಗೆ ಏನು ಹೇಳಬೇಕು?