ಮುಟ್ಟಿದರೆ ಹರಿಯುವ ರತ್ನಗಂಬಳಿ

ಹವಳದ ದಿಬ್ಬದ ಮೇಲೆ ಯಾರೋ ಅಂಗೈಯಗಲದ ರತ್ನಗಂಬಳಿ ಹಾಸಿಟ್ಟ ಹಾಗಿರುತ್ತದೆ. ಕಪ್ಪಿಗೆ ತಿರುಗಿದ ಕಂದು ನೆಲ, ಅದರ ತುಂಬ ನಸುಗೆಂಪು ಅಡ್ಡಗೀರುಗಳು, ನಡುನಡುವೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು. ನೋಡನೋಡುತ್ತಿದ್ದಂತೆ ಗಂಬಳಿಯ ಒಂದು ಅಂಚು ಎದ್ದು ಪಕ್ಕದ ಹವಳವನ್ನು ತಡವುತ್ತದೆ. ಉಳಿದ ಮೈ ಸದ್ದಿಲ್ಲದೆ ಹಿಂದೆಯೇ ಹರಿಯುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡಲುಗಳಲ್ಲಿ ಕಾಣಸಿಗುವ ಈ ಚಪ್ಪಟೆ ಹುಳುವಿಗೆ 1903ರಲ್ಲಿ ಸಿಕ್ಕ ಶಾಸ್ತ್ರೀಯ ಹೆಸರಿನ ಈಗಿನ ರೂಪ ಸೂಡೊಬೈಸೆರೋಸ್ ಬೆಡ್‌ಫೋರ್ಡಿ. ಡೈವಿಂಗ್ ಮಾಡುವವರ ಬಾಯಲ್ಲಿ ಮಾತ್ರ ಇದು ‘ಪರ್ಷಿಯನ್ ಕಾರ್ಪೆಟ್’. ನನಗೆ ಆ ಹೆಸರೇ ಸರಿ ಎನಿಸುತ್ತದೆ.

ಹುಳು ಎಂದೊಡನೆ ಮುಖ ಸಿಂಡರಿಸುವವರು ಇದರ ಅಂಚನ್ನೊಮ್ಮೆ ನೋಡಬೇಕು. ಹೊಸ ಸೀರೆಯ ನೆರಿಗೆಯಂತೆ ಅದು ಸುತ್ತಲೂ ಮಡಿಕೆ ಮಡಿಕೆಯಾಗಿ ಏರಿಳಿಯುತ್ತದೆ. ತಲೆಯ ಬಳಿ ಎರಡು ಮಡಿಕೆಗಳು ಕಿವಿಯ ಹಾಗೆ ನಿಮಿರಿರುತ್ತವೆ. ಈ ನೆರಿಗೆ ಬರಿಯ ಸಿಂಗಾರವಲ್ಲ. ಹುಳುವಿಗೆ ಹೃದಯವಿಲ್ಲ, ರಕ್ತವಿಲ್ಲ, ಕಿವಿರೂ ಇಲ್ಲ. ನೀರಿನಲ್ಲಿರುವ ಆಮ್ಲಜನಕ ಚರ್ಮದ ಮೂಲಕವೇ ಒಳಗಿನ ಜೀವಕೋಶಕ್ಕೆಲ್ಲ ಇಂಗಬೇಕು. ಹಾಗಾಗಿ ಮೈ ದಪ್ಪವಾಗುವಂತಿಲ್ಲ; ಬೆಳೆಯಬೇಕೆಂದರೆ ಹಾಳೆಯಂತೆ ಅಗಲವಾಗುವುದೊಂದೇ ದಾರಿ. ಹೊಟ್ಟೆಯೂ ಮರದ ಕೊಂಬೆಯಂತೆ ಕವಲೊಡೆದು, ಮೈಯ ಮೂಲೆಮೂಲೆಗೂ ತಾನೇ ಊಟ ಬಡಿಸಿಕೊಂಡು ಬರುತ್ತದೆ. ಉಸಿರಾಟದ ಇಕ್ಕಟ್ಟೇ ಇಷ್ಟು ಚೆಲುವಾದ ಆಕಾರವಾಯಿತಲ್ಲ ಎಂದು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಈ ಬಣ್ಣಗಳನ್ನು ಹುಳು ತಾನು ಕಾಣಲಾರದು. ಅದರ ಕಣ್ಣುಗಳು ಚುಕ್ಕಿಗಳಷ್ಟೆ. ಬೆಳಕು ಯಾವುದು, ನೆರಳು ಯಾವುದು ಎಂದು ತಿಳಿದರೆ ಹೆಚ್ಚು. ಇದರ ಬಳಗದ ಕೆಲವು ಹುಳುಗಳ ಮೈಯಲ್ಲಿ ವಿಷವಿದೆ. ನನ್ನನ್ನು ತಿನ್ನಬೇಡ ಎಂದು ಮೀನಿಗೆ ಹೇಳುವುದಕ್ಕೆ ಇಂಥ ಬಣ್ಣಗಳು ಎನ್ನುತ್ತಾರೆ ವಿಜ್ಞಾನಿಗಳು.

ಇದನ್ನು ಹಿಡಿದಿಟ್ಟುಕೊಳ್ಳುವುದು ಬಲು ಕಷ್ಟ. ಒರಟಾಗಿ ಮುಟ್ಟಿದರೆ ಮೈ ಹರಿಯುತ್ತದೆ, ಕೆಲವೊಮ್ಮೆ ಕರಗಿ ಲೋಳೆಯಾಗುತ್ತದೆ. ನೇರವಾಗಿ ಫಾರ್ಮಾಲಿನ್‌ಗೆ ಹಾಕಿದರೆ ಮುದುಡುತ್ತದೆ. 1990ರ ದಶಕದಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನ ಚಪ್ಪಟೆ ಹುಳುಗಳನ್ನು ಒಂದೊಂದಾಗಿ ದಾಖಲಿಸಿದ ಲೆಸ್ಲಿ ನ್ಯೂಮನ್ ಮತ್ತು ಲೆಸ್ಟರ್ ಕ್ಯಾನನ್ ಅದಕ್ಕೊಂದು ಉಪಾಯ ಕಂಡುಕೊಂಡರು. ಸಂರಕ್ಷಕ ದ್ರವವನ್ನೇ ಹೆಪ್ಪುಗಟ್ಟಿಸಿ, ಹುಳು ಮೈಚಾಚಿರುವಾಗಲೇ ಅದನ್ನು ಮೆಲ್ಲಗೆ ಆ ಹೆಪ್ಪಿನ ಮೇಲೆ ಜಾರಿಸುವುದು. ಹಾಗೆ ಆಕಾರ ಉಳಿಯಿತು. ಬಣ್ಣ ಮಾತ್ರ ಜಾಡಿಯಲ್ಲಿ ಮಾಸುತ್ತದೆ. ಅದಕ್ಕೆ ಜೀವವಿರುವಾಗಲೇ ತೆಗೆದ ಫೋಟೋ ಬೇಕು.

ನಾನು ಇದನ್ನು ಕಂಡದ್ದು ವಿಡಿಯೋದಲ್ಲಿ. ಈಜುವ ಗಳಿಗೆಯನ್ನು ನಿಧಾನಗತಿಗೆ ಇಳಿಸಿ ಮತ್ತೆ ಮತ್ತೆ ನೋಡುತ್ತೇನೆ. ಹವಳದಿಂದ ಮುಂದಂಚು ಬಿಡುತ್ತದೆ, ನಡು ಬಿಡುತ್ತದೆ, ಆಮೇಲೆ ಇಡೀ ಗಂಬಳಿ ನೀರಿನಲ್ಲಿ ತೇಲುತ್ತದೆ. ಎರಡೂ ಬದಿಯಲ್ಲಿ ಅಲೆಗಳು ತಲೆಯಿಂದ ಹಿಂದಕ್ಕೆ ಸಾಗುತ್ತವೆ, ಒಂದು ಮುಗಿಯುವ ಮುನ್ನ ಇನ್ನೊಂದು. ಕೊನೆಗೆ ತಲೆ ಹವಳಕ್ಕೆ ತಾಗಿ ನಿಂತ ಮೇಲೂ ಹಿಂಬದಿಯ ನೆರಿಗೆಗೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ. ಅದು ಮತ್ತೊಮ್ಮೆ ಏಳುತ್ತದೆ, ನಿಧಾನವಾಗಿ ಇಳಿಯುತ್ತದೆ.